ಸೀಟಿನ ಐಬು

ನನಗೆ ಸಿಕ್ಕಿದ ಎಂ.ಎಸ್ಸಿ. ಕೆಮಿಸ್ಟ್ರಿ ಸೀಟಿನ ಫೀಸು ಜಾಸ್ತಿಯಾಯಿತು ಎಂದು ಅಪ್ಪ ತಕರಾರು ತೆಗೆದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಕಮ್ಮಿಯಾಯಿತು ಎಂದು ತೆಗೆದ!

"ವರ್ಷಕ್ಕೆ ಇಷ್ಟೇನಾ? ಈ ದುಡ್ಡಿಗೆ ಒಂದು ಕರನೂ ಬರಕ್ಕಿಲ್ವಲ್ಲ," ಎಂದು ಅವ್ವನ ಮುಂದೆ ರಾಗ ಎಳೆದ. "ಏನೋ ಐಬದೆ ಕಣೆ ಸುನೀತಾ. ಇಲ್ದಿದ್ರೆ ಯಾರು ಇಷ್ಟು ಅಗ್ಗಕ್ಕೆ ಕೊಟ್ಟಾರು?"

ನಮ್ಮಪ್ಪ ಮಹಾದೇವಸ್ವಾಮಿ ಇರುವುದೇ ಹಾಗೆ. ಕಳಲೆಯ ಸುತ್ತಮುತ್ತ ಯಾರೇ ಹಸು ಕೊಳ್ಳಲಿ, ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹಲ್ಲು ನೋಡಿ, ಸುಳಿ ನೋಡಿ, ಕೆಚ್ಚಲು ಮುಟ್ಟಿ, ಕೊನೆಗೆ ಮಾರುವವನ ಮುಖ ನೋಡಿಕೊಂಡು "ಐಬೇನು ಯೋಳಪ್ಪ" ಎಂದು ಕೇಳುತ್ತಾನೆ. ಒದೆಯುತ್ತೆ, ಸಂಜೆ ಹಾಲು ಕಮ್ಮಿ, ಹೊಸಬರನ್ನು ಕಂಡರೆ ಹಾಯುತ್ತೆ ಎಂದು ಏನಾದರೊಂದು ಒಪ್ಪಿಕೊಂಡರೆ ವ್ಯಾಪಾರ ಕುದುರಿತು. ಏನೂ ಇಲ್ಲ, ಬಂಗಾರದಂಥ ಹಸು ಎಂದರೆ ಟವೆಲ್ ಕೊಡವಿಕೊಂಡು ಎದ್ದುಬರುತ್ತಾನೆ.

ಒಂದು ಖಾಸಗಿ ಕಾಲೇಜಿನವರು ಮನೆಗೇ ಬಂದು, ಬಣ್ಣದ ಪುಸ್ತಕ ಕೈಗಿಟ್ಟು, "ನಮ್ಮಲ್ಲಿ ಓದಿದ ನೂರಕ್ಕೆ ನೂರು ಜನಕ್ಕೂ ಕೆಲಸ" ಎಂದಿದ್ದರು. ಅವರಿಗೂ ಅದೇ ಪ್ರಶ್ನೆ. "ಐಬಾ? ನಮ್ಮಲ್ಲಾ?" ಎಂದು ನಕ್ಕರು. ಅಪ್ಪ ಕಾಫಿ ಕುಡಿಸಿ ಕಳಿಸಿಬಿಟ್ಟ.

ಸರ್ಕಾರಿ ವಿಶ್ವವಿದ್ಯಾಲಯದ ಈ ಸೀಟು ಬಂದು ಹದಿನೈದು ದಿನವಾಗಿತ್ತು. "ಇಪ್ಪತ್ತೆಂಟನೇ ತಾರೀಕು ಕೊನೆ" ಎಂದು ಒಂದು ಸಲ ಹೇಳಿದ್ದೆ. ಆಮೇಲೆ ಹೇಳಲಿಲ್ಲ. ಯಾಕೆ ಹೇಳಬೇಕು, ಮನೆಯಲ್ಲಿ ಕ್ಯಾಲೆಂಡರ್ ಇಲ್ಲವೇ? ಪಾತ್ರೆ ಕುಕ್ಕಿದೆ, ಬಾಗಿಲು ಬಡಿದೆ, ಊಟಕ್ಕೆ ಕರೆದರೆ ಹಸಿವಿಲ್ಲ ಎಂದೆ. ಅಷ್ಟರಲ್ಲಿ ಇಪ್ಪತ್ತೆಂಟು ಬಂದೇಬಿಟ್ಟಿತು. ಸಂಜೆ ಐದರೊಳಗೆ ಫೋನಿನಲ್ಲಿ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಮಧ್ಯಾಹ್ನ ಎರಡೂವರೆಗೆ ಅಪ್ಪ ಬೈಕ್ ಸ್ಟಾರ್ಟ್ ಮಾಡಿ "ಅತ್ಕೋ" ಎಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಂಜನಗೂಡು ದಾಟಿ ತಿ. ನರಸೀಪುರ ಮುಟ್ಟಿದೆವು. ಬೈಕ್ ನಿಂತದ್ದು ಒಂದು ಮಣ್ಣು ಪರೀಕ್ಷೆ ಕೇಂದ್ರದ ಮುಂದೆ.

ಅಲ್ಲಿ ಕೆಲಸಕ್ಕಿದ್ದ ವನಿತಾ, ಸೋಮನಾಥಪುರದ ಚೆಲುವಯ್ಯನವರ ಮಗಳು. ಅವರ ಮನೆಗೆ ಹಸು ಆರಿಸಿ ಕೊಡಿಸಿದ್ದು ಅಪ್ಪನೇ. ನನಗೆ ಸೀಟು ಸಿಕ್ಕಿದ ಡಿಪಾರ್ಟ್‌ಮೆಂಟಿನಲ್ಲೇ ನಾಲ್ಕು ವರ್ಷದ ಹಿಂದೆ ಆಕೆ ಎಂ.ಎಸ್ಸಿ. ಮುಗಿಸಿದ್ದಾರೆ ಎಂಬುದನ್ನು ಎಲ್ಲಿಂದಲೋ ಪತ್ತೆ ಹಚ್ಚಿದ್ದ. ಸ್ಟೂಲ್ ಎಳೆದುಕೊಂಡು ಕೂತವನೇ ಶುರು ಮಾಡಿದ.

"ಅವ್ವಾ, ನೀವು ಓದಿದ ಜಾಗದ ಐಬೇನು? ಮುಚ್ಚುಮರೆ ಇಲ್ದೆ ಯೋಳಿ."

ನಾಚಿಕೆಯಿಂದ ನನಗೆ ಭೂಮಿಗಿಳಿದು ಹೋದಂತಾಯಿತು. ವನಿತಾ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಮಣ್ಣಿನ ಪೊಟ್ಟಣ ಕೆಳಗಿಟ್ಟರು.

"ಐಬು ಇದೆ ಯಜಮಾನ್ರೇ. ಲ್ಯಾಬಲ್ಲಿ ಒಂದೊಂದು ಮಿಷನ್‌ಗೆ ಎಂಟೆಂಟು ಜನ ಕಾಯ್ಬೇಕು. ಹಾಸ್ಟೆಲ್ ಸಿಗೋಕೆ ಎರಡು ತಿಂಗಳು ಲೇಟು, ಅಲ್ಲೀತನಕ ಬಸ್ಸಲ್ಲೇ ಓಡಾಟ. ನಾವು ಮೂವತ್ತು ಜನ ಇದ್ವಿ. ಒಂದು ವರ್ಷದೊಳಗೆ ಕೆಲಸ ಸಿಕ್ಕಿದ್ದು ಹನ್ನೆರಡು ಜನಕ್ಕೆ. ಈಗ ಇಪ್ಪತ್ತೆರಡು ಜನ ಕೆಲಸದಲ್ಲವ್ರೆ. ಮಿಕ್ಕವರು ಇನ್ನೂ ಎಕ್ಸಾಮ್ ಬರೀತಾವ್ರೆ. ನಂದೂ ಪರ್ಮನೆಂಟ್ ಅಲ್ಲ, ಕಾಂಟ್ರಾಕ್ಟು. ಮೇಷ್ಟ್ರುಗಳು ಮಾತ್ರ ಚೆನ್ನಾಗಿ ಪಾಠ ಮಾಡ್ತಾರೆ."

ಒಂದು ಚೂರು ಸುಳ್ಳು ಹೇಳಿದ್ದರೆ ಈ ಪುಣ್ಯಾತ್ಗಿತ್ತಿಯ ಗಂಟೇನು ಹೋಗುತ್ತಿತ್ತು ಎಂದು ಒಳಗೊಳಗೇ ಬೈದುಕೊಂಡೆ. ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.

ಅಪ್ಪನನ್ನು ನೋಡಿದರೆ, ಮುಖ ಅರಳಿದೆ! "ಇದಪ್ಪ ಮಾತು! ಇಂಗೆ ಯೋಳಿದ್ರೆ ನಂಬ್ಬೌದು," ಎಂದು ತೊಡೆ ತಟ್ಟಿಕೊಂಡ.

"ಸರಿ, ಈಗ ನೀವು ಹೇಳಿ," ಎಂದರು ವನಿತಾ. "ನಿಮ್ಮ ಮಗಳ ಐಬೇನು?"

ಬಾಯಿ ಜೋರು ಎನ್ನುತ್ತಾನೆ ಎಂದುಕೊಂಡೆ. ಊರೆಲ್ಲ ಹೇಳುವುದೇ ಅದನ್ನು. ಅಪ್ಪ ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬೇಕಾದ್ದ ಬಾಯ್ಬುಟ್ಟು ಕೇಳಕ್ಕಿಲ್ಲ ಕಣವ್ವ ಇವ್ಳು. ಡಿಗ್ರಿ ಓದೋವಾಗ ಚಪ್ಪಲಿ ಕಿತ್ತೋಯ್ತು. ತಂತಿ ಕಟ್ಕಂಡು ಒಂದು ತಿಂಗ್ಳು ನಂಜನಗೂಡಲ್ಲಿ ತಿರುಗಿದ್ಳು. ನಾನು ನೋಡ್ತಾನೇ ಇದ್ದೆ. ಕೇಳ್ಲಿ ಅಂತ ಕಾದೆ. ಕೇಳ್ನಿಲ್ಲ. ಕೊನೆಗೆ ಅವ್ರವ್ವನ ಕೈಲಿ ತರಿಸ್ದೆ. ಈಗ ಈ ಸೀಟು. ಪಾತ್ರೆ ಕುಕ್ತಾಳೆ, ಬಾಗ್ಲು ಬಡೀತಾಳೆ, ಅಪ್ಪಾ ಫೀಸು ಕಟ್ಟು ಅಂತ ಒಂದ್ ಮಾತು ಕೇಳ್ನಿಲ್ಲ. ಎಂಟು ಜನ ಕಾಯೋ ಜಾಗ್ದಲ್ಲಿ ಇಂಗೇ ಸುಮ್ಕೆ ಸಾಲಿನ ಇಂದೆ ನಿಂತ್ಕಂಡ್ರೆ ಇವ್ಳ ಗತಿಯೇನು? ಅದೇ ನಂಗೆ ಯೋಚ್ನೆ."

ಆ ಚಪ್ಪಲಿಯನ್ನು ಯಾರೂ ನೋಡಿಲ್ಲ ಎಂದೇ ನಾನು ತಿಳಿದಿದ್ದೆ. ಕೋಪ ಮಾಡಿಕೊಳ್ಳಲು ನೋಡಿದೆ, ಬರಲೇ ಇಲ್ಲ. ನಾಲ್ಕೂವರೆಯಾಯಿತು. ವನಿತಾ ನನ್ನನ್ನೇ ನೋಡುತ್ತಿದ್ದರು. ಅಪ್ಪ ನೋಡುತ್ತಿರಲಿಲ್ಲ, ಮೇಜಿನ ಮೇಲಿನ ಮಣ್ಣಿನ ಪೊಟ್ಟಣಗಳ ಮೇಲೆ ಬರೆದ ಹೆಸರು ಓದುತ್ತಿದ್ದ.

"ಅಪ್ಪಾ, ನಂಗೆ ಓದ್ಬೇಕು. ಫೀಸು ಕಟ್ಟು."

ಇಷ್ಟು ಹೇಳುವಷ್ಟರಲ್ಲಿ, ಥೂ, ಅತ್ತೇಬಿಟ್ಟೆ.

"ಅದ್ಕೇನಂತೆ, ಕಟ್ಟಾನ ಬುಡು," ಎಂದು ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು, ಬ್ಯಾಂಕಿನ ಗುಟ್ಟಿನ ನಂಬರನ್ನು ಇಡೀ ಆಫೀಸಿಗೆ ಕೇಳುವಂತೆ ಕೂಗಿ ಹೇಳಿದ. ವನಿತಾ ಆಗ ನಕ್ಕರು. ನಾಲ್ಕೂ ನಲವತ್ತಕ್ಕೆ ರಸೀದಿ ಬಂತು, ಅದರ ಮೇಲೆ ತೇಜಸ್ವಿನಿ ಎಂ. ಎಂದು ನನ್ನ ಹೆಸರು.

"ಇನ್ನೇನಾದ್ರೂ ಬೇಕಿದ್ರೆ ಈಗ್ಲೇ ಕೇಳ್ಬುಡು ಮಗಾ," ಎಂದ ಅಪ್ಪ.

ಕಣ್ಣೊರೆಸಿಕೊಂಡು, ಲ್ಯಾಬಿಗೆ ಬಿಳಿ ಕೋಟು ಬೇಕು ಎಂದೆ. ಹೂಂ ಎಂದ. ಹಾಸ್ಟೆಲಿಗೆ ಹಾಸಿಗೆ ಎಂದೆ. ಅದಕ್ಕೂ ಹೂಂ ಎಂದ. ಹೂಂ ಎನ್ನುವಾಗ ನಮ್ಮಪ್ಪನ ಮುಖ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಇಪ್ಪತ್ತೊಂದು ವರ್ಷ ಗೊತ್ತೇ ಇರಲಿಲ್ಲ.