ಕಳಚದ ಕೊಂಡಿ

ಇಳಕಲ್ಲಿನ ಆ ಓಣಿಯಲ್ಲಿ ಕೊಲೆಗಾರ ಯಾರೆಂದು ತಿಳಿಯಲಿಕ್ಕೆ ಯಾರೂ ಧಾರಾವಾಹಿ ನೋಡುತ್ತಿರಲಿಲ್ಲ. ಕೊಲೆಗಾರ ಯಾರೆಂಬುದು ಅವರಿಗೆಲ್ಲ ನಲವತ್ತು ವರ್ಷದಿಂದ ಗೊತ್ತಿತ್ತು. ಟೀವಿಯವರು ಕಥೆಯನ್ನು ನೆಟ್ಟಗೆ ತೋರಿಸುತ್ತಾರೋ ಇಲ್ಲವೋ ಎಂದು ನೋಡಲಿಕ್ಕೆ ದಿನಾ ಸಂಜೆ ಏಳಕ್ಕೆ ಅಂಗನವಾಡಿ ಟೀಚರ್ ಸುನಂದಾಳ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ಟೀವಿಯೊಳಗಿನ ಪತ್ತೇದಾರನಿಗಿಂತ ಇವರ ತನಿಖೆಯೇ ಬಿಗಿಯಾಗಿತ್ತು.

ಕಥೆ ಹಳೆಯದು. ‘ಕಳಚಿದ ಕೊಂಡಿ’ ಎಂದು ಅದರ ಹೆಸರು. ಒಂದು ಕಾಲಕ್ಕೆ ಮನೆಮಾತಾಗಿದ್ದ ಪತ್ತೇದಾರಿ ಕಾದಂಬರಿ. ವಾಡೆಯಲ್ಲಿ ದೇಸಾಯಿ ಸತ್ತು ಬಿದ್ದಿದ್ದಾನೆ, ಅವನ ಮುಷ್ಟಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಇದೆ, ಸೀರೆ ಮಾತ್ರ ಇಲ್ಲ. ಓಣಿಗೆ ಈ ಕಥೆ ತಂದವನು ಸುನಂದಾಳ ಅಪ್ಪ ಹನಮಪ್ಪ. ನಾಲ್ಕನೆಯ ಇಯತ್ತೆ ಓದಿದ ನೇಕಾರ. ಮಧ್ಯಾಹ್ನ ರೊಟ್ಟಿ ಉಂಡು ಮಗ್ಗದ ಗುಂಡಿಯಂಚಿಗೆ ಕೂತನೆಂದರೆ ಪುಸ್ತಕ ತೆರೆದು ದೊಡ್ಡ ದನಿಯಲ್ಲಿ ಓದುತ್ತಿದ್ದ. ಅಕ್ಷರ ಬಂದವರೂ ಬಾರದವರೂ ಸುತ್ತ ಕೂತು ಕೇಳುತ್ತಿದ್ದರು. ಊರಲ್ಲಿ ಹನಮಪ್ಪಂದಿರು ಹತ್ತಾರು ಮಂದಿ ಇದ್ದರೂ ‘ಓದೂ ಹನಮಪ್ಪ’ ಒಬ್ಬನೇ. ಅವನು ತೀರಿಕೊಂಡು ಆರು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ.

ಅವನು ಓದಿದ ಕಥೆಯಲ್ಲಿ ಪತ್ತೇದಾರನಿಗೂ ಹರಿಯದ ಗಂಟನ್ನು ಬಿಡಿಸುವವಳು ನೀಲವ್ವ, ಕೊಂಡಿ ಕಟ್ಟುವ ಹೆಣ್ಣುಮಗಳು. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ರೇಷ್ಮೆ ಎಳೆಗಳೇ ಬೇರೆ. ನೇಯುವ ಮೊದಲು ಒಂದೊಂದು ಎಳೆಯನ್ನೂ ಕುಣಿಕೆಗೆ ಕುಣಿಕೆ ಹಾಕಿ ಜೋಡಿಸಬೇಕು. ಅದೇ ಕೊಂಡಿ. ಸುನಂದಾಳ ಅವ್ವ ಶಿವಲಿಂಗವ್ವ ಐವತ್ತು ವರ್ಷ ಮಾಡಿದ ಕೆಲಸ ಅದು. ನೀಲವ್ವ ಆ ಸೆರಗನ್ನು ಬೆಳಕಿಗೆ ಹಿಡಿದು, “ಇದು ಕಳಚಿದ್ದಲ್ರಿ, ಕತ್ತರಿ ಹಾಕಿದ್ದು” ಎನ್ನುತ್ತಾಳೆ. ವಾಡೆಯಲ್ಲಿ ಕತ್ತರಿ ಇದ್ದದ್ದು ಗುಮಾಸ್ತ ಭೀಮಾಜಿಯ ಹತ್ತಿರ. ಅಲ್ಲಿಗೆ ಭೀಮಾಜಿ ಸಿಕ್ಕಿಬೀಳುತ್ತಾನೆ. ಶಿವಲಿಂಗವ್ವ ಅದನ್ನು ‘ನನ್ನ ಬುಕ್ಕು’ ಎಂದೇ ಕರೆಯುತ್ತಿದ್ದಳು.

ಹೀಗಾಗಿ ಧಾರಾವಾಹಿ ಸುರುವಾದಾಗ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯ ಮಾಳಪ್ಪ ಈಗ ವಿದ್ಯುತ್ ಮಗ್ಗ ಇಟ್ಟವನು. ಪತ್ತೇದಾರನ ಮೀಸೆ ನಿನ್ನೆ ದಪ್ಪ ಇತ್ತು, ಇವತ್ತು ಸಣ್ಣ ಆಗಿದೆ ಎಂದು ಅವನ ತಕರಾರು. ನೂಲಿಗೆ ಬಣ್ಣ ಹಾಕುವ ಇಬ್ರಾಹಿಂಸಾಬರಿಗೆ ಬಣ್ಣದ್ದೇ ಚಿಂತೆ.

“ಆ ಸೆರಗಿನ ಕೆಂಪ ನೋಡ್ರಿ. ಎರಡ ಸಲ ಒಗದ್ರ ದೇಸಾಯಿ ಕೈ ಸೈತ ಕೆಂಪಾಗತಾವ!”

“ಟೀವಿಯಾಗ ನೇಯಾಂವ ಲಾಳಿ ಒಗೀತಾನ, ಮಗ್ಗಾ ತುಳಿಯಾಕ ಕಾಲs ಆಡಸವಲ್ಲ,” ಎಂದು ಶಿವಲಿಂಗವ್ವ ಗೋಡೆಗೊರಗಿ ಕೂತಲ್ಲಿಂದಲೇ ತೀರ್ಪು ಕೊಟ್ಟಳು. “ಅಂವನ್ನ ಮೊದಲ ಹಿಡದ ಒಳಗ ಹಾಕ್ರಿ.”

ಈ ಎಲ್ಲ ಅಭಿಪ್ರಾಯಗಳನ್ನೂ ಚಾನೆಲ್ಲಿನ ಪುಟಕ್ಕೆ ಮೊಬೈಲಿನಲ್ಲಿ ಬರೆದು ಹಾಕುವ ಜವಾಬ್ದಾರಿ ಸುನಂದಾಳದು. ಅವಳೂ ಅದನ್ನು ಸರಕಾರಿ ಕೆಲಸದಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದಳು. ಕೊನೆಗೊಂದು ಸಾಲು ಕಾಯಂ: ‘ಕೊಲೆಗಾರ ಗುಮಾಸ್ತ ಭೀಮಾಜಿ. ನಮ್ಮ ತಂದೆಯವರು ಪುಸ್ತಕ ಓದಿ ಹೇಳಿದ್ದಾರೆ.’ ಉಳಿದ ಪ್ರೇಕ್ಷಕರು ಇವಳಿಗೆ ಹಾಕಿದ ಶಾಪವೂ ಅಲ್ಲೇ ಕೆಳಗೆ ಇರುತ್ತಿತ್ತು.

ಕೊನೆಯ ವಾರದ ಮಂಗಳವಾರ ಪತ್ತೇದಾರ ಹೋಗಿ ನೀಲವ್ವನ ಕೈಗೆ ಬೇಡಿ ಹಾಕಿದ.

“ತಪ್ಪ ಹಿಡದಾನ, ನಾಳೆ ಬಿಡತಾನ,” ಎಂದಳು ಶಿವಲಿಂಗವ್ವ. ಸುನಂದಾ ಮಾತ್ರ ಉರಿದು ಹೋದಳು. ಪುಸ್ತಕ ಬದಲಿಸಿ ನೇಕಾರರ ಹೆಣ್ಣುಮಗಳ ಮೇಲೆ ಕೊಲೆ ಹೊರಿಸುವುದು ಯಾವ ನ್ಯಾಯ ಎಂದು ಮೊಬೈಲಿನಲ್ಲಿ ಉದ್ದಕ್ಕೆ ಬರೆದಳು. ಐದು ನಿಮಿಷದಲ್ಲಿ ಯಾರೋ ಉತ್ತರ ಕೊಟ್ಟರು: ‘ಪುಸ್ತಕದಲ್ಲೂ ಅವಳೇ ಮೇಡಂ. ನಿಮ್ಮ ತಂದೆಯವರು ಬೇರೆ ಪುಸ್ತಕ ಓದಿರಬೇಕು.’ ಅದರ ಕೆಳಗೆ ನಗುವ ಮುಖಗಳ ಸಾಲೇ ಬಂತು.

ಮಾಳಪ್ಪ ಅದನ್ನು ಓದಿದವನೇ ಓಣಿಗೆಲ್ಲ ಕೇಳುವಂತೆ ನಕ್ಕ. “ಏನ್ ಟೀಚರ, ಹನಮಪ್ಪ ಕಾಕಾ ನಲವತ್ತ ವರ್ಷ ನಮಗ ಬುರುಡಿ ಬಿಟ್ಟಿದ್ನೇನು?”

“ನಾಲಿಗಿ ಬಿಗಿ ಹಿಡದ ಮಾತಾಡ ಮಾಳಪ್ಪಣ್ಣ. ನಮ್ಮಪ್ಪ ಓದಿದ್ದು ಅಚ್ಚಾದ ಅಕ್ಷರ.”

“ಹಂಗಾರ ಬುಕ್ಕ ತೋರಸು. ಅಲ್ಲೀತನಕಾ ಓದೂ ಹನಮಪ್ಪ ಅನ್ನಂಗಿಲ್ಲ ನಾ, ಬುರುಡಿ ಹನಮಪ್ಪ ಅಂತೇನಿ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುದಿನ ಬೆಳಿಗ್ಗೆ ಹಾಲಿನವನೂ ನಗುತ್ತ ಹೊಸ ಹೆಸರು ಹೇಳಿದ. ಮಗಳಿಗೆ ಆಸ್ತಿಯೆಂದು ಹನಮಪ್ಪ ಬಿಟ್ಟುಹೋದದ್ದು ಆ ಹೆಸರೊಂದೇ; ಅದೂ ಹೋದರೆ ಉಳಿಯುವುದೇನು? ಸುನಂದಾ ಟ್ರಂಕಿನಿಂದ ಅಪ್ಪನ ಪುಸ್ತಕ ತೆಗೆದಳು. ಅದಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಇಲಿ ಕಡಿದಿದೆ ಎಂದು ಅಪ್ಪ ಹೇಳಿದ್ದನ್ನು ಅವಳು ಸಣ್ಣಂದಿನಿಂದ ಕೇಳಿದ್ದಳು, ನಂಬಿದ್ದಳು. ಈಗ ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಇಲಿಯ ಹಲ್ಲಿನ ಗುರುತು ಎಲ್ಲೂ ಕಾಣಲಿಲ್ಲ. ಹಾಳೆಗಳನ್ನು ಯಾರೋ ಕೈಯಾರೆ ನೆಟ್ಟಗೆ ಹರಿದು ತೆಗೆದಂತಿತ್ತು.

ಇಳಕಲ್ಲಿನಲ್ಲೂ ಹುನಗುಂದದಲ್ಲೂ ಆ ಪುಸ್ತಕ ಸಿಗಲಿಲ್ಲ. ಬಾದಾಮಿಯ ಗ್ರಂಥಾಲಯವೊಂದರಲ್ಲಿ ಪ್ರಿಯದರ್ಶಿನಿ ಎಂಬ ಗೆಳತಿ ಕೆಲಸಕ್ಕಿದ್ದಳು. ಫೋನು ಮಾಡಿದರೆ, “ಐತಿ, ಬಾ” ಎಂದಳು. ಗುರುವಾರ ರಜೆ ಬರೆದು ಕೊಟ್ಟು ಸುನಂದಾ ಬಸ್ಸು ಹತ್ತಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಕರದಂಟಿಗೆ ಇಳಿದರು. ಇವಳು ಇಳಿಯಲಿಲ್ಲ. ಸಿಹಿ ತಿನ್ನುವ ಮನಸ್ಸೇ ಇರಲಿಲ್ಲ.

ಪ್ರಿಯದರ್ಶಿನಿ ಧೂಳು ಕೊಡವಿ ಪುಸ್ತಕ ಕೈಗಿಟ್ಟಳು. ಸುನಂದಾ ನಿಂತಲ್ಲೇ ಕೊನೆಯ ಅಧ್ಯಾಯ ಓದಿದಳು. ನೀಲವ್ವ ಕೊಂಡಿ ಕಟ್ಟುವಾಗಲೇ ಕುಣಿಕೆಗಳನ್ನು ಸಡಿಲ ಬಿಟ್ಟಿದ್ದಳಂತೆ. ಆ ಸೀರೆ ಉಟ್ಟು ವಾಡೆಗೆ ಹೋಗಿ ದೇಸಾಯಿಯನ್ನು ಕೊಂದಳಂತೆ. ಸಾಯುತ್ತ ಅವನು ಸೆರಗು ಹಿಡಿದು ಜಗ್ಗಿದಾಗ ಅದು ಕಳಚಿ ಅವನ ಕೈಗೆ ಬಂತಂತೆ, ಇವಳು ಪಾರಾದಳಂತೆ. ಹಿಂದಿನ ಹಾಳೆಗಳನ್ನೆಲ್ಲ ತಿರುವಿ ನೋಡಿದರೂ ಕತ್ತರಿಯ ಮಾತು ಒಂದು ಕಡೆಯೂ ಇರಲಿಲ್ಲ. ಭೀಮಾಜಿ ಪಾಪ ಕೊನೆಯ ಪುಟದಲ್ಲಿ ಎಲ್ಲರಿಗೂ ಚಹಾ ತರಿಸುತ್ತಾನೆ.

ಅಪ್ಪ ಸುಳ್ಳು ಹೇಳಿದ್ದ. ಅಚ್ಚಾದ ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ಅಲ್ಲಿ ಇಲ್ಲದ್ದನ್ನು ಓದಿದ್ದ. ಸುನಂದಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಮಾಳಪ್ಪ ಏನಾದರೂ ಅನ್ನಲಿ, ಅವ್ವನಿಗೆ ಹೇಗೆ ಹೇಳುವುದು? ‘ನಿನ್ನ ಬುಕ್ಕಿನಾಗ ನೀನs ಕೊಲೆಗಾರ್ತಿ’ ಎಂದೇ?

ಶುಕ್ರವಾರ ಕೊನೆಯ ಕಂತು. ಪಡಸಾಲೆ ತುಂಬಿ ಜನ ಕಟ್ಟೆಯ ಮೇಲೂ ಕೂತರು. ಟೀವಿಯಲ್ಲಿ ನೀಲವ್ವ ಕಣ್ಣೀರಿಡುತ್ತ ಒಪ್ಪಿಕೊಂಡಳು. ಸೆರಗು ನಿಧಾನಕ್ಕೆ, ತಾಳ, ಮದ್ದಳೆಗಳ ಸದ್ದಿನೊಂದಿಗೆ, ಒಡಲಿನಿಂದ ಕಳಚಿಕೊಂಡು ಬಂತು. ಎಲ್ಲರೂ ಸುನಂದಾಳ ಕಡೆ ನೋಡಿದರು.

ಅವಳಿಗೆ ತಡೆಯಲಾಗಲಿಲ್ಲ. ಚೀಲದಿಂದ ಪುಸ್ತಕ ತೆಗೆದು ನಡುವೆ ಇಟ್ಟಳು. “ಯವ್ವಾ, ಟೀವಿಯವರು ಬದಲ ಮಾಡಿಲ್ಲ. ಬುಕ್ಕಿನಾಗೂ ಹಿಂಗs ಐತಿ. ಅಪ್ಪನs ಬದಲ ಮಾಡಿ ಓದಿದ.”

ಮಾಳಪ್ಪ ಬಾಯಿ ತೆರೆಯುವುದರೊಳಗೆ ಕಿಸಕ್ಕನೆ ನಗು ಕೇಳಿತು. ಶಿವಲಿಂಗವ್ವ ನಗುತ್ತಿದ್ದಳು. ಅವಳು ಮಗಳ ಮಾತನ್ನು ಕೇಳಿಯೇ ಇರಲಿಲ್ಲ, ಟೀವಿಯ ಕಡೆ ಬೆರಳು ತೋರಿಸುತ್ತಿದ್ದಳು.

“ಕೊಂಡಿ ಕಳಚತೈತಂತ! ಕುಣಿಕಿ ಸಡ್ಲ ಬಿಟ್ಟಾಳಂತ! ಸಡ್ಲ ಬಿಟ್ರ ಮಗ್ಗದಾಗs ಎಳಿ ಹರದ ಹೊಕ್ಕಾವ, ಸೀರಿ ಆಗೂದs ಇಲ್ಲ. ಒಂದ ಸಲ ನೇದ ಹಣಿಗಿ ಬಡದ ಮ್ಯಾಲ ಆ ಶಿವನs ಬಂದ ಜಗ್ಗಿದ್ರೂ ಕೊಂಡಿ ಬಿಡಂಗಿಲ್ಲ. ಏನ ಮಾಳಪ್ಪ, ನೀ ನೇಕಾರನ ಮಗ ಹೌದೋ ಅಲ್ಲೋ? ಹೇಳು!”

ಮಾಳಪ್ಪ ತಲೆ ಕೆರೆದುಕೊಂಡ. “ಖರೆ ಐತಿ ಚಿಗವ್ವಾ. ಕೊಂಡಿ ಬಿಡೂದಿಲ್ಲ.”

“ಮತ್ತ?” ಎಂದವಳು ತಟ್ಟನೆ ಮಗಳ ಕಡೆ ತಿರುಗಿದಳು. ಮಗಳ ಮಾತು ಈಗ ಅವಳ ಕಿವಿಗೆ ಮುಟ್ಟಿತೇನೋ. “ಏನಂದಿ ಸುನಂದಾ? ಬುಕ್ಕಿನಾಗೂ ಹಿಂಗs ಐತಿ?”

“ಹೂಂ ಯವ್ವಾ.”

ಶಿವಲಿಂಗವ್ವ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ಓದಲಿಕ್ಕೆ ಬಾರದು. ಹಾಳೆಯ ಮೇಲೆ ಕೈಯಾಡಿಸಿದಳು, ಅಷ್ಟೇ.

“ಅದಕ್ಕ ಕೇಳಿದ್ನೇನ ಅಂವ!” ಎಂದಳು ಕೊನೆಗೆ. “ಒಂದ ದಿನ ಉಂಡ ಮ್ಯಾಲ ಒಬ್ಬನs ಓದಕೋಂತ ಕುಂತಿದ್ದ. ನನ್ನ ಕರದ. ‘ಲಿಂಗವ್ವಾ, ಜಗ್ಗಿದ್ರ ಕೊಂಡಿ ಕಳಚತೈತೇನ?’ ಅಂದ. ನೇಯಾಂವ ನೀ, ನಿನಗ ಗೊತ್ತಿಲ್ಲೇನ ಅಂದ್ನಿ. ‘ನೇಯಾಂವ ನಾ ಖರೆ, ಕಟ್ಟಾಕಿ ನೀ. ನೀನs ಹೇಳು’ ಅಂದ. ನನಗ ಸಿಟ್ಟ ಬಂತು. ನನ್ನ ಮದವಿ ಸೀರಿ ತಂದು, ಸೆರಗ ಅವನ ಕೈಯಾಗ ಕೊಟ್ಟು, ಜಗ್ಗು ಅಂದ್ನಿ. ಗ್ವಾಡಿಗೆ ಕಾಲ ಕೊಟ್ಟ ಜಗ್ಗಿದ.”

“ಆಮ್ಯಾಲ?” ಎಂದರು ಇಬ್ರಾಹಿಂಸಾಬರು.

“ಆಮ್ಯಾಲ ಏನು? ಹತ್ತಿ ಒಡಲ ಚರ್ರಂತ ಹರೀತು. ಕೊಂಡಿ ಹಂಗs ಇತ್ತು. ಮದವಿ ಸೀರಿ ಹೋತು ಅಂತ ನಾ ಅಳಾಕ ಕುಂತ್ನಿ. ಅಂವ ‘ಈ ಬರದಾಂವಗ ಏನೂ ತಿಳೀದು’ ಅಂತ ಬುಕ್ಕ ಬೋರಲ ಹಾಕಿದ. ಯಾಕಂತ ನಾ ಕೇಳಲಿಲ್ಲ, ಸೀರಿ ಚಿಂತಿ ನನಗ.”

“ಹೌದ್ರಿ ಯಕ್ಕಾ,” ಎಂದರು ಇಬ್ರಾಹಿಂಸಾಬರು. “ಅವತ್ತ ಓದs ಇರಲಿಲ್ಲ. ತಲಿನೋವು ಅಂದಿದ್ದ. ಮರದಿನ ಬಂದಾಗ ಕತ್ತರಿ ಬಂತು, ಭೀಮಾಜಿ ಸಿಕ್ಕ.”

ಸುನಂದಾ ಮಾಳಪ್ಪನ ಮುಖ ನೋಡಿದಳು. ಅವನು ಟೀವಿಯನ್ನೂ ಪುಸ್ತಕವನ್ನೂ ಮುದುಕಿಯನ್ನೂ ಒಮ್ಮೊಮ್ಮೆ ನೋಡಿ, ದನಿ ಇಳಿಸಿ ಹೇಳಿದ: “ಹಂಗಾದ್ರ ಕಾಕಾ ಬುರುಡಿ ಬಿಟ್ಟಿಲ್ಲ ಬಿಡು. ಬುಕ್ಕ ತಪ್ಪಿತ್ತು, ತಿದ್ದಿ ಓದ್ಯಾನ.”

ಪಡಸಾಲೆಯಲ್ಲಿ ಮತ್ತೆ ಗದ್ದಲವೆದ್ದಿತು. ಚಾನೆಲ್ಲಿಗೆ ಬರಿ, ಪತ್ತೇದಾರನ ಕೆಲಸ ತೆಗೆಯಲಿಕ್ಕೆ ಹೇಳು, ನೀಲವ್ವನನ್ನು ಬಿಡಿಸು ಎಂದು ಎಲ್ಲರೂ ಒಮ್ಮೆಲೇ ಕೂಗತೊಡಗಿದರು. ಸುನಂದಾ ಮೊಬೈಲು ಹಿಡಿದು ಅವ್ವನ ಪಕ್ಕಕ್ಕೆ ಕೂತಳು. ಅವಳ ಕಣ್ಣುಗಳು ಒದ್ದೆಯಾಗಿದ್ದವು, ನಗುವೂ ಬರುತ್ತಿತ್ತು.

“ನೀ ಹೇಳ ಯವ್ವಾ. ನಿನ್ನ ಅಭಿಪ್ರಾಯ ಏನಂತ ಬರೀಲಿ?”

ಶಿವಲಿಂಗವ್ವ ಮೊಬೈಲಿನ ಕಡೆ ಬಾಗಿ, ಚಾನೆಲ್ಲಿನವರು ಒಳಗೇ ಕೂತಿದ್ದಾರೆಂಬಂತೆ ಗಟ್ಟಿಯಾಗಿ ಹೇಳಿದಳು: “ಬರಿಯೂಕಿಂತ ಮೊದಲ ಕೊಂಡಿ ಕಟ್ಟಾಕಿನ್ನ ಒಂದ ಮಾತ ಕೇಳಬೇಕಿತ್ರಿ. ನಮ್ಮನಿಯಾಂವ ಕೇಳಿದ್ದ.”