ತಂಗಿ ಬೇಗ ಏಳಮ್ಮ

ಚರ್ಮದ ಹಿಡಿ ಬೆವರಿಗೆ ಒದ್ದೆಯಾಗಿದೆ, ಊಟದ ತಟ್ಟೆಯಗಲದ ಈ ಎರಡು ಕಂಚಿನ ತಾಳಗಳಲ್ಲಿ ಒಂದು ಕೈಜಾರಿ ಮುಂದೆ ಕೂತ ಕೊಳಲಿನವನ ಬೋಳುತಲೆಯ ಮೇಲೆ ಬಿದ್ದರೆ — ಬೀಳುವುದಿಲ್ಲ, ಎಣಿಸು, ಸುಮ್ಮನೆ ಎಣಿಸುತ್ತಿರು ಎಂದು ಅವಳು ತನಗೇ ಹೇಳಿಕೊಂಡಳು, ಇಡೀ ಕಛೇರಿಯಲ್ಲಿ ಅವಳದು ಒಂದೇ ಒಂದು ಹೊಡೆತ, ಹಲ್ಲಿನ ಡಾಕ್ಟರ ಹತ್ತಿರ ರಸೀದಿ ಬರೆಯುವವಳಿಗೆ ಇದೆಲ್ಲ ಯಾಕೆ ಬೇಕಿತ್ತು, ಬಾರೇ ಒಂದು ಜೊತೆ ಕೈ ಕಮ್ಮಿ ಇದೆ ಅಂತ ಎಳೆದುಕೊಂಡು ಬಂದವನು ಅಣ್ಣ, ಈಗ ಎಲ್ಲರೆದುರು ಎತ್ತರದಲ್ಲಿ ನಿಂತು ಕೋಲು ಬೀಸುತ್ತ ಈ ಪಾಶ್ಚಾತ್ಯ ವಾದ್ಯಮೇಳ ನಡೆಸುತ್ತಿರುವವನೂ ಅವನೇ, ಮೊನ್ನೆ ತಾಲೀಮಿನಲ್ಲಿ ಎಲ್ಲ ಸದ್ದಡಗಿದ ಮೇಲೆ ಇವಳೊಬ್ಬಳೇ ಝಣ್ ಎನ್ನಿಸಿದಾಗ ಮೇಳದ ಸಂಘದ ಅಧ್ಯಕ್ಷರು ಅಣ್ಣನಿಗೆ ಏನಂದರು, ತಂಗಿ ಅಂತ ಇಟ್ಕೊಂಡಿದೀರೇನ್ರೀ, ಇಂಥದ್ದು ಇನ್ನೊಂದ್ಸಲ ಆದ್ರೆ ಬೇರೆಯವರನ್ನ ನೋಡ್ತೀವಿ — ಬೇರೆ ತಂಗಿಯನ್ನೋ ಬೇರೆ ಅಣ್ಣನನ್ನೋ, ಅದನ್ನವರು ಬಿಡಿಸಿ ಹೇಳಲಿಲ್ಲ. ತಪ್ಪಾದದ್ದು ಎಂಟನೆಯ ಎಣಿಕೆಗೆ ಕಾದದ್ದರಿಂದ, ಈ ಹಾಡಿನಲ್ಲಿ ಎಂಟನೆಯದು ಇಲ್ಲವೇ ಇಲ್ಲ, ಅಣ್ಣ ತಿಂಡಿಯ ಮೇಜಿನ ಮೇಲೆ ಬ್ರೆಡ್ಡು ಕತ್ತರಿಸಿ ತೋರಿಸಿದ್ದ, ನೋಡು ಇಡೀದು ಪೂರ್ಣಸ್ವರ, ಎರಡು ಮಾಡಿದ್ರೆ ಅರ್ಧ, ನಾಲ್ಕು ಮಾಡಿದ್ರೆ ಕಾಲು, ಎಂಟು ಮಾಡಿದ್ರೆ ಅರೆಕಾಲು, ಸಾಲಿನ ಮೊದಲಿಗೆ ಏಳರ ಕೆಳಗೆ ಎಂಟು ಅಂತ ಬರೆದಿದ್ರೆ ಅರೆಕಾಲಿನ ತುಂಡು ಏಳೇ, ಅಷ್ಟೇ ಲೆಕ್ಕ, ಹಾಗಾದ್ರೆ ಎಂಟನೇ ತುಂಡು ಎಲ್ಲಿ ಹೋಯ್ತಣ್ಣ, ಅದನ್ನ ನಾನು ತಿಂದೆ ಅಂದ್ಕೋ, ತಿಂದೂ ಬಿಟ್ಟ, ನಗುತ್ತ — ಆ ಏಳನ್ನೂ ಒಂದೇ ಉಸಿರಿಗೆ ಎಣಿಸಬೇಡ, ಎರಡು ಎರಡು ಮೂರು ಅಂತ ಮುರಿ, ಸ್ಕೂಲಿಗೆ ಎಬ್ಬಿಸ್ತಿದ್ನಲ್ಲ ಹಾಗೆ, ತಂಗಿ, ಬೇಗ, ಏಳಮ್ಮ, ನಾಲ್ಕು ಸಲ ಕರೀತೀನಿ, ಆಮೇಲೆ ಐದು ಎಣಿಕೆಯದ್ದು ಒಂದೇ ಒಂದು, ಅದು ನಿನ್ನ ಉತ್ತರ, ಎದ್ದೆ ಕಣಣ್ಣ, ಕಣಣ್ಣದ ಕ ಬಂತಲ್ಲ, ಅಲ್ಲಿ ಹೊಡಿ.

ಬಂತು, ಪಿಟೀಲುಗಳು ಏಳಕ್ಕೆ ಇಳಿದವು, ತಂಗಿ ಬೇಗ ಏಳಮ್ಮ, ಒಂದಾಯಿತು, ಅವಳು ಎದ್ದು ನಿಂತಳು, ತಂಗಿ ಬೇಗ ಏಳಮ್ಮ, ಎರಡು, ಈ ಸಲ ತಪ್ಪುವುದಿಲ್ಲ, ಎಷ್ಟು ಸಲೀಸು, ತಂಗಿ ಬೇಗ ಏಳಮ್ಮ, ಮೂರು, ಇನ್ನೊಂದಿದೆ, ಇನ್ನೊಂದು — ಅಣ್ಣನ ಎಡಗೈ ಅವಳತ್ತ ಎದ್ದಿತು. ಈಗಲೇ ಯಾಕೆ, ಇನ್ನೊಂದು ಬಾಕಿ ಇದೆಯಲ್ಲ, ತಪ್ಪು ನನ್ನದೇ, ಅಲ್ಲ, ಪಿಟೀಲುಗಳು ನಾಲ್ಕನೆಯದನ್ನು ಶುರುಮಾಡಿವೆ, ಅವರೆದುರು ಕಾಗದವಿದೆ, ಅವರು ಸರಿ, ನಾನೂ ಸರಿ, ಹಾಗಾದರೆ — ನಿನ್ನೆ ಕಾರು ನಿಲ್ಲಿಸುವ ಜಾಗದಲ್ಲಿ ಅಣ್ಣ ಕೇಳಿದ್ದ, ಏಳಾದ್ಮೇಲೆ ಎಷ್ಟೇ ಬರೋದು, ಪರೀಕ್ಷೆ ಮಾಡುತ್ತಿದ್ದಾನೆಂದು ಅವಳು ಜಂಬದಿಂದ ಐದು ಎಂದಿದ್ದಳು, ಹ್ಞಾಂ, ಐದು, ಐದು ಎಂದು ಅವನು ಬಾಯಿಪಾಠ ಮಾಡಿಕೊಂಡಂತೆ ಗೊಣಗಿದ್ದ, ಅದಕ್ಕೂ ಮೊದಲೊಮ್ಮೆ ಅತ್ತಿಗೆ ಫೋನಿನಲ್ಲಿ ದನಿ ತಗ್ಗಿಸಿ ಅಂದಿದ್ದಳು, ಇವರಿಗೇನೋ ಆಗ್ತಿದೆ ಕಣೇ, ಬೂಟಿನ ಕಪಾಟಿನಲ್ಲಿ ಹಾಡಿನ ಹಾಳೆ ಇಟ್ಟು ಮನೆಯೆಲ್ಲ ಹುಡುಕ್ತಾರೆ, ಯಾರಿಗೂ ಹೇಳ್ಬೇಡ, ವಯಸ್ಸಾಯ್ತಲ್ಲ ಅತ್ತಿಗೆ ಎಂದು ಅವಳೇ ತಳ್ಳಿಹಾಕಿದ್ದಳು — ಕೈ ಹಾಗೇ ಇದೆ, ಅಧ್ಯಕ್ಷರು ಮೊದಲ ಸಾಲಿನಲ್ಲೇ ಕೂತಿದ್ದಾರೆ, ಕರೆದ ಕೈಗೆ ತಾಳ ಬಾರದಿದ್ದರೆ ಎಲ್ಲರೂ ಆ ಕೈಯನ್ನೇ ನೋಡುತ್ತಾರೆ, ಬಂದರೆ ತಾಳದವಳನ್ನು ನೋಡುತ್ತಾರೆ, ಅಷ್ಟೇ ತಾನೇ, ನೋಡಲಿ, ಅವಳು ಎರಡೂ ತಾಳಗಳನ್ನು ಎತ್ತಿ ಪಿಟೀಲುಗಳ ನಟ್ಟನಡುವೆ ಝಣ್ ಎಂದು ಹೊಡೆದುಬಿಟ್ಟಳು. ಮೊದಲ ಪಿಟೀಲಿನ ಗಂಟುಮೋರೆಯವನು ತಿರುಗಿ ದುರುಗುಟ್ಟಿದ, ಅವಳನ್ನು, ಸದ್ಯ ಅವಳನ್ನೇ, ಯಾರೋ ಕಿಸಕ್ಕೆಂದರು, ಅಧ್ಯಕ್ಷರು ತಲೆಯಾಡಿಸಿದರು, ನಗಲಿ, ನಾಳೆಯಿಂದ ಬರಬೇಡ ಅನ್ನಲಿ, ಆದರೆ ಅಣ್ಣ, ಆಯಿತಲ್ಲ, ಹೊಡೆದೆನಲ್ಲ, ಕೈ ಇಳಿಸು, ಎಲ್ಲರೂ ಮುಂದೆ ಹೋಗುತ್ತಿದ್ದಾರೆ, ಇಳಿಸಣ್ಣ — ಅವನ ಕಣ್ಣು ಅವಳ ಮೇಲೆಯೇ ಇದೆ, ನೀನು ಯಾರೆಂದು ಕೇಳುವಂತಿದೆ, ಆ ಎಡಗೈ, ಅಂಗೈ ಮೇಲಾಗಿ, ಬೆರಳು ಬಿಚ್ಚಿ, ಗಾಳಿಯಲ್ಲಿ ಹಾಗೇ ನಿಂತಿದೆ, ಆ ಕೈ, ಆ ಕೈ