ದುಶ್ಮನರ ತಬಿಯತ್ತು

ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು ಟೈಲರಮ್ಮ ಗಿರಾಕಿಯ ತೋಳಿನ ಅಂಚು ಮಡಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಎರಡು ಸಲ ಸುಮ್ಮನೆ ಬಿಟ್ಟಳು. ಮೂರನೇ ಸಲಕ್ಕೆ ಸೂಜಿಗಳನ್ನು ದಿಂಬಿಗೆ ಚುಚ್ಚಿ ಎತ್ತಿಕೊಂಡಳು.

"ಆದಾಬ್, ಸಮಧನ್ ಸಾಹಿಬಾ."

ವಯಸ್ಸಾದ ಹೆಂಗಸಿನ ದನಿ, ತೀರಾ ಮೆಲ್ಲಗಿತ್ತು. ಸಮಧನ್ ಎಂದರೆ ಬೀಗಿತ್ತಿ. ಉರ್ದು ತರಗತಿಯ ಐದನೇ ಪಾಠದ ಮಾತು. ಆರು ವರ್ಷದಲ್ಲಿ ಮಗಳು ಸೇರಿದ ಮನೆಯಿಂದ ಬಂದ ಮೊದಲನೆಯ ಮಾತು ಇದು. ಆದಾಬ್ ಎಂದು ತಿರುಗಿ ಹೇಳಬೇಕಿತ್ತು.

ಆ ಕಡೆಯವಳು ನಿಧಾನವಾಗಿ, ಪದಪದ ಬಿಡಿಸಿ ಹೇಳಿದಳು. "ದುಲ್ಹನ್ ಕೇ ದುಶ್ಮನೋಂ ಕೀ ತಬಿಯತ್ ನಾಸಾಜ್ ಹೈ. ಆಪ್ ಕೋ ಇತ್ತಿಲಾ ದೇನಾ ಮುನಾಸಿಬ್ ಸಮಝಾ."

ಎರಡನೇ ವಾಕ್ಯದಲ್ಲಿ ಟೈಲರಮ್ಮನಿಗೆ ಸಿಕ್ಕಿದ್ದು ‘ಆಪ್ ಕೋ’ ಅಷ್ಟೇ, ನಿಮಗೆ. ಮೊದಲನೆಯದು ಮಾತ್ರ ಪೂರ್ತಿ ಅರ್ಥವಾಯಿತು. ದುಲ್ಹನ್ ಅಂದರೆ ಸೊಸೆ. ತಬಿಯತ್ ನಾಸಾಜ್ ಅಂದರೆ ಹುಷಾರಿಲ್ಲ. ದುಶ್ಮನ್ ಅನ್ನುವುದಕ್ಕೆ ಯಾವ ಪಾಠವೂ ಬೇಕಿರಲಿಲ್ಲ. ಸೊಸೆಯ ವೈರಿಗಳಿಗೆ ಹುಷಾರಿಲ್ಲವಂತೆ. ಸೊಸೆಗೆ ಈ ಲೋಕದಲ್ಲಿ ವೈರಿ ಅಂತ ಇರುವವಳು ಯಾರು? ಮದುವೆಯ ದಿನ ಬಾಗಿಲಿಗೆ ಅಡ್ಡ ನಿಂತು ಮಗಳಿಗೆ "ಇವತ್ತಿಂದ ನಿನ್ನ ಪಾಲಿಗೆ ನಾನು ಸತ್ತೆ ಅಂದ್ಕೋ" ಎಂದಿದ್ದ ತಾನೇ. ಆರು ವರ್ಷ ಬಿಟ್ಟು ಫೋನು ಮಾಡಿ, ಸತ್ತೆಯಾ ಬದುಕಿದ್ದೀಯಾ ಎಂದು ಇಷ್ಟು ನಯವಾಗಿ ಕೇಳುತ್ತಿದ್ದಾಳೆ ಬೀಗಿತ್ತಿ.

ಫೋನಿನ ಆ ಕಡೆ ಎಲ್ಲೋ ಗಾಲಿ ಉರುಳಿದ ಸದ್ದಾಯಿತು. ತರಕಾರಿ ಗಾಡಿ ಇರಬೇಕು ಅಂದುಕೊಂಡಳು.

"ದುಶ್ಮನ್ ಬಿಲ್ಕುಲ್ ಠೀಕ್ ಹೈ," ಎಂದಳು ಟೈಲರಮ್ಮ. ವೈರಿ ಚೆನ್ನಾಗಿಯೇ ಇದ್ದಾಳೆ. "ಶುಕ್ರಿಯಾ."

ಫೋನು ಇಟ್ಟಳು. ತಪ್ಪಿಲ್ಲದೆ, ತಡವರಿಸದೆ ಅವಳು ಆಡಿದ ಮೊದಲ ಉರ್ದು ವಾಕ್ಯ ಅದು.

"ಯಾರಮ್ಮಾ?" ಎಂದಳು ಗಿರಾಕಿ, ಒಂದು ತೋಳು ಮೇಲೆತ್ತಿಕೊಂಡೇ.

"ಬೀಗಿತ್ತಿ. ನನ್ನ ಆರೋಗ್ಯ ವಿಚಾರಿಸಿದ್ರು. ಕೈ ಇಳಿಸಿ, ಅಳತೆ ತಪ್ಪುತ್ತೆ."

ಉರ್ದು ಕಲಿಯಲು ಹೋದದ್ದೂ ಆ ಮನೆಗಾಗಿಯೇ. ಗುಂಡಿ, ಲೇಸು ತಂದುಕೊಡುವ ಹೆಂಗಸು ಒಂದು ದಿನ ಪೊಟ್ಟಣ ಕಟ್ಟುತ್ತಾ, "ನಿಮ್ಮ ಮಗಳಿಗೆ ಈಗ ಮೂರು ತಿಂಗಳಂತೆ, ಗೊತ್ತಾ?" ಎಂದಿದ್ದಳು. ಗೊತ್ತಿರುವವಳ ಹಾಗೆ ಟೈಲರಮ್ಮ ತಲೆ ಆಡಿಸಿದ್ದಳು. ಅವತ್ತು ಒಂದು ಕುಪ್ಪಸಕ್ಕೆ ಎರಡೂ ಎಡಗೈ ತೋಳು ಕೂರಿಸಿದಳು. ಹುಟ್ಟುವ ಕೂಸು ಆ ಭಾಷೆಯಲ್ಲೇ ಅಳುತ್ತದೆ, ಆ ಭಾಷೆಯಲ್ಲೇ ಅಜ್ಜಿ ಅನ್ನುತ್ತದೆ. ತಾನು ಹೋಗಿ ಮೂಕಿಯ ಹಾಗೆ ಕೂರಬೇಕೆ? ಹೆರಿಗೆಗೆ ಮುಂಚೆ ಹೋಗಿ, ಬೀಗಿತ್ತಿಯ ಮುಂದೆ ನಾಲ್ಕು ಮಾತು ನೆಟ್ಟಗೆ ಆಡಿ, ಮಗಳನ್ನು ಬಾಣಂತನಕ್ಕೆ ಕರೆಯಬೇಕು. ಹಾಗಂತ ಮಾರನೇ ದಿನವೇ ವಾಚನಾಲಯದ ಮಹಡಿಯ ಕೋಣೆಯಲ್ಲಿ ನಡೆಯುವ ತರಗತಿಗೆ ಸೇರಿಕೊಂಡಳು.

ವಾರಕ್ಕೆ ಮೂರು ಸಂಜೆ. ಮೇಷ್ಟ್ರು ಹಿಂದೆ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಮಾತಾಡುವಾಗಲೂ ಎದುರಿನವರ ವಾಕ್ಯಕ್ಕೆ ಬೆರಳಿನಲ್ಲೇ ಗೀಟು ಹಾಕುತ್ತಿದ್ದರು. ಕಲಿಯುವವರು ಐದು ಜನ. ಅವರಲ್ಲಿ ಬಾಯಿ ಇದ್ದದ್ದು ಒಬ್ಬ ಪೊಲೀಸಿನವನಿಗೆ ಮತ್ತು ಒಬ್ಬ ನರ್ಸಿಗೆ.

"ನಿಮ್ಮ ಮನೆ ಅರಮನೆಯೇ ಆಗಿರಲಿ, ಗರೀಬ್‌ಖಾನಾ ಅನ್ನಬೇಕು," ಎಂದರು ಮೇಷ್ಟ್ರು ಒಂದು ದಿನ. "ಬಡವನ ಮನೆ. ಎದುರಿನವರ ಮನೆ ಸೋರ್ತಾ ಇದ್ರೂ ದೌಲತ್‌ಖಾನಾ. ಸಿರಿವಂತರ ಮನೆ."

"ಹಾಗಾದ್ರೆ ಇದು ಸುಳ್ಳು ಹೇಳೋ ಭಾಷೆ ಸಾರ್," ಎಂದ ಪೊಲೀಸಿನವನು.

"ಸುಳ್ಳಲ್ಲ ಕಣಯ್ಯ. ಎದುರಿನವರಿಗೆ ಚುಚ್ಚದ ಹಾಗೆ ಮಾತನ್ನ ಮಡಿಚಿ ಕೊಡೋದು."

ಟೈಲರಮ್ಮನಿಗೆ ಅದು ಹಿಡಿಸಿತ್ತು. ಒಳ್ಳೆಯ ಹೊಲಿಗೆಯೂ ಹಾಗೇ; ಗಂಟು, ಎಳೆ, ಜೋಡು ಎಲ್ಲ ಒಳಮೈಗೆ ಹೋಗಬೇಕು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂಬದಿಯಿಂದ ಅವಳು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು, ಕನ್ನಡ ಅಕ್ಷರದಲ್ಲೇ. ‘ಬನ್ನಿ: ತಶ್ರೀಫ್ ಲಾಯಿಯೇ. ಕೂತುಕೊಳ್ಳಿ: ತಶ್ರೀಫ್ ರಖಿಯೇ. ದೊಡ್ಡವರು ಹೊರಡುವಾಗ ಅವರ ಚಪ್ಪಲಿ ತಿರುಗಿಸಿ ಇಡುವುದು. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.’ ನೀನು ಎನ್ನುವ ತೂ, ತುಮ್, ನೀವು ಎನ್ನುವ ಆಪ್ ಇವುಗಳ ಪಾಠದ ದಿನ ಪೊಲೀಸಿನವನು, "ಕಳ್ಳನಿಗೂ ಆಪ್ ಅನ್ನಬೇಕಾ ಸಾರ್?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ನಗು ನಿಂತ ಮೇಲೆ ಮೇಷ್ಟ್ರು ಹೇಳಿದ್ದರು: "ಮುದ್ದು ಮಾಡೋಕೂ ತೂ ಬೇಕು, ಜಗಳ ಆಡೋಕೂ ತೂ ಬೇಕು. ಆಪ್ ಅಂದುಬಿಟ್ರೆ ಎರಡೂ ಆಗಲ್ಲ." ಅದನ್ನೂ ಅವಳು ಬರೆದುಕೊಂಡಿದ್ದಳು, ಯಾರದೋ ಸೊಂಟದ ಅಳತೆಯ ಹಿಂದೆ.

ಫೋನು ಬಂದ ಸಂಜೆ ತರಗತಿಗೆ ಹೋದರೆ ಬಾಗಿಲಿಗೆ ಬೀಗ. ಮೇಷ್ಟ್ರಿಗೆ ಜ್ವರ, ಬರುವುದಿಲ್ಲ ಎಂದು ಚೀಟಿ ಅಂಟಿಸಿದ್ದರು. ಮಾರನೇ ತರಗತಿಯ ದಿನವೂ ಅದೇ ಚೀಟಿ. ಒಳ್ಳೆಯದೇ ಆಯಿತು ಅಂದುಕೊಂಡಳು. ಇನ್ನು ಯಾರಿಗಾಗಿ ಕಲಿಯಬೇಕು? ಆದರೂ ಬಟ್ಟೆ ಇಸ್ತ್ರಿ ಮಾಡುವಾಗ ಆ ದನಿ ಕಿವಿಯಲ್ಲಿ ತಿರುಗುತ್ತಿತ್ತು. ಬೈಯುವವರು ಅಷ್ಟು ಮೆತ್ತಗೆ ಬೈಯುತ್ತಾರೆಯೇ? ಬೈಗುಳಕ್ಕೆ ಮುಂಚೆ ಆದಾಬ್ ಅನ್ನುತ್ತಾರೆಯೇ? ಎರಡು ಸಲ ಆ ನಂಬರು ತೆಗೆದು ನೋಡಿದಳು. ಒತ್ತಲಿಲ್ಲ. ಅವರೇ ಮಾಡಲಿ, ನಾನ್ಯಾಕೆ ತಗ್ಗಲಿ ಎಂದುಕೊಂಡಳು. ಅವರು ಮತ್ತೆ ಮಾಡಲಿಲ್ಲ.

ಫೋನು ಬಂದ ಹತ್ತೊಂಬತ್ತನೇ ದಿನ ಮೇಷ್ಟ್ರು ಬಂದರು; ಬೇಡವೆಂದುಕೊಂಡೇ ಟೈಲರಮ್ಮನೂ ಹೋಗಿದ್ದಳು. ಅಂಗಿ ಜೋಲುತ್ತಿತ್ತು; ಕೊರಳಪಟ್ಟಿಯಲ್ಲಿ ಎರಡು ಬೆರಳು ಸಡಿಲ ಎಂದು ಟೈಲರಮ್ಮನ ಕಣ್ಣು ತಾನಾಗಿ ಅಳೆಯಿತು. ನರ್ಸು ಎದ್ದು ನಿಂತು, "ಆಪ್ ಬೀಮಾರ್ ಥೇ?" ಎಂದಳು, ನೀವು ರೋಗಿಯಾಗಿದ್ದಿರಾ ಎಂದು.

ಮೇಷ್ಟ್ರು ಗಾಳಿಯಲ್ಲಿ ಗೀಟು ಹಾಕಿದರು. "ತಪ್ಪಿಲ್ಲ, ಆದ್ರೆ ಒರಟು. ಇಷ್ಟದವರಿಗೆ ರೋಗ ಬಂದಿದೆ ಅಂತ ಬಾಯಿ ಬಿಟ್ಟು ಹೇಳೋದೇ ಅಪಶಕುನ ಅಂತ ಹಳೇ ಮನೆಗಳಲ್ಲಿ. ಏನಂತಾರೆ ಗೊತ್ತಾ? ‘ಸುನಾ ಹೈ, ಆಪ್ ಕೇ ದುಶ್ಮನೋಂ ಕೀ ತಬಿಯತ್ ನಾಸಾಜ್ ಥೀ.’ ನಿಮ್ಮ ವೈರಿಗಳಿಗೆ ಹುಷಾರಿರಲಿಲ್ಲವಂತೆ. ಮಲಗಿದ್ದು ನಾನೇ, ಕಷಾಯ ಕುಡಿದಿದ್ದೂ ನಾನೇ. ಆದ್ರೆ ಕೆಟ್ಟದ್ದನ್ನ ನನ್ನ ಹೆಸರಿಗೆ ಅಂಟಿಸಬಾರದು. ವೈರಿಗಳ ಮೇಲೆ ಹಾಕಿಬಿಡೋದು."

"ಪಾಪ, ವೈರಿಗಳ ಗತಿ," ಎಂದ ಪೊಲೀಸಿನವನು. ಎಲ್ಲರೂ ನಕ್ಕರು.

ಟೈಲರಮ್ಮ ಬರೆದುಕೊಳ್ಳಲಿಲ್ಲ. "ಮೇಷ್ಟ್ರೇ," ಎಂದಳು, "ಸೊಸೆಯ ದುಶ್ಮನರಿಗೆ ಹುಷಾರಿಲ್ಲ ಅಂದ್ರೆ..."

"ಸೊಸೆಗೇ ಹುಷಾರಿಲ್ಲ ಅಂತ. ಜೋರಾಗೇ ಹುಷಾರಿಲ್ಲ ಅಂತಿಟ್ಕೊಳ್ಳಿ. ಸುಮ್ಮನೆ ನೆಗಡಿಗೆ ಯಾರೂ ಇಷ್ಟು ಮಡಿಚಿ ಹೇಳಲ್ಲ."

ಅವಳು ಎದ್ದಳು. ಪುಸ್ತಕ ಬೆಂಚಿನ ಮೇಲೇ ಉಳಿಯಿತು.

ಮಾರನೇ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಬೀಗಿತ್ತಿಯ ಮನೆಯ ಬೀದಿಗೆ ಹೋದಳು. ನೀಲಿ ಬಾಗಿಲು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ಬಾಗಿಲು ತೆಗೆದ ಬೀಗಿತ್ತಿ ಅವಳನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಪಕ್ಕಕ್ಕೆ ಸರಿದು, ಅದೇ ಮೆತ್ತನೆಯ ದನಿಯಲ್ಲಿ, "ತಶ್ರೀಫ್ ಲಾಯಿಯೇ," ಎಂದಳು.

ಮಗಳು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ತಾಯಿಯ ಕಣ್ಣು ನೇರ ಅವಳ ಹೊಟ್ಟೆಯ ಮೇಲೆ ಹೋಯಿತು. ಬಟ್ಟೆಯ ಮೇಲಿಂದಲೇ ಮೈಯ ಅಳತೆ ಹೇಳುವ ಕಣ್ಣು ಅದು. ಅಲ್ಲಿ ಏನೂ ಇರಲಿಲ್ಲ.

ಮಗಳು ಎದ್ದು ನಿಂತಳು. "ಬನ್ನಿ. ಕೂತ್ಕೊಳ್ಳಿ."

ಹಿಂದೆ ಬೇರೆ ಯಾರಾದರೂ ಬಂದಿದ್ದಾರೇನೋ ಎಂದು ಟೈಲರಮ್ಮ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಮಾತು ಕಲಿತಾಗಿನಿಂದ ಈ ಹುಡುಗಿ ಅವಳನ್ನು ‘ನೀನು’ ಎಂದೇ ಅಂದಿದ್ದು. ಸಿಟ್ಟು ಬಂದರೆ ‘ಹೋಗೇ ಅಮ್ಮ’.

ಬೀಗಿತ್ತಿ ಟೀ ತಂದಿಟ್ಟಳು, ಪಕ್ಕದಲ್ಲಿ ಬಿಸ್ಕತ್ತು. ಟೈಲರಮ್ಮ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಉರ್ದು ವಾಕ್ಯವೆಲ್ಲ ಉದುರಿಹೋಗಿತ್ತು. "ಮುಝೇ ಮಾಲೂಮ್ ನಹೀಂ ಥಾ," ಎಂದಳು. ನನಗೆ ಗೊತ್ತಿರಲಿಲ್ಲ. ಮುಂದಿನದು ಬರಲಿಲ್ಲ. ಮಗಳ ಕಡೆ ತಿರುಗಿದಳು. "ನಿಮ್ಮ ಅತ್ತೆಗೆ ಹೇಳೇ. ಆ ಮಾತಿನ ರೀತಿ ನನಗೆ ಗೊತ್ತಿರಲಿಲ್ಲ. ದುಶ್ಮನ್ ಅಂದ್ರೆ ನನ್ನನ್ನೇ ಅಂದ್ರು ಅಂದ್ಕೊಂಡೆ. ನಿನಗೆ ಹುಷಾರಿಲ್ಲ ಅಂತ ಗೊತ್ತಾಗಿದ್ರೆ ಉಟ್ಟ ಸೀರೇಲೇ ಓಡಿ ಬರ್ತಿದ್ದೆ."

ಮಗಳು ಎರಡೇ ಮಾತಿನಲ್ಲಿ ಅನುವಾದಿಸಿದಳು. ಬೀಗಿತ್ತಿಯ ಕೈ ಬಾಯಿಗೆ ಹೋಯಿತು. ಏನೋ ಹೇಳಲು ಹೊರಟವಳು, ತನ್ನ ನಾಲಿಗೆಯನ್ನು ತಾನೇ ನಂಬದವಳ ಹಾಗೆ, ಸೆರಗು ಕಚ್ಚಿಕೊಂಡು ಅಡುಗೆಮನೆಗೆ ನಡೆದಳು.

"ಅವತ್ತು ಆಸ್ಪತ್ರೇಲಿದ್ದೆ," ಎಂದಳು ಮಗಳು. "ಇವರು ಕೆಲಸದ ಮೇಲೆ ಬೇರೆ ಊರಲ್ಲಿದ್ರು. ಅಮ್ಮನಿಗೆ ಫೋನ್ ಮಾಡಿ ಅಂತ ಅತ್ತೆ ಹತ್ರ ನಾನೇ ಹೇಳ್ದೆ. ಸ್ಪೀಕರ್ ಹಾಕಿ ಅಂತಾನೂ ನಾನೇ ಹೇಳ್ದೆ. ನಿಮ್ಮ ದನಿ ಕೇಳಬೇಕಿತ್ತು."

ಟೈಲರಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತರಕಾರಿ ಗಾಡಿ ಎಂದುಕೊಂಡಿದ್ದ ಸದ್ದು ನೆನಪಾಯಿತು.

"ನೀನೇ ಒಂದು ಮಾತಾಡಬಾರದಿತ್ತೇನೇ?"

"ಮಾತಾಡೋದ್ರೊಳಗೆ ಇಟ್ಟುಬಿಟ್ರಿ. ಆಮೇಲೆ ಒಳಗೆ ಕರ್ಕೊಂಡು ಹೋದ್ರು."

"ನನಗೆ ಆ ಭಾಷೆ..."

"ಗೊತ್ತಿರಲಿಲ್ಲ. ಸರಿ." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಾಯಿಗೆ ಉತ್ತರ ಕೊಡಲು ಬರುತ್ತಿತ್ತು. "ಆದ್ರೆ ದುಶ್ಮನ್ ಅಂದ ತಕ್ಷಣ ಅದು ನೀವೇ ಅಂದ್ಕೊಂಡ್ರಲ್ಲ."

ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಟೈಲರಮ್ಮನ ಚೀಲದಲ್ಲಿ ಎರಡು ಪುಟ್ಟ ಅಂಗಿಗಳಿದ್ದವು, ಹಿಂದಿನ ತಿಂಗಳು ಹೊಲಿದದ್ದು. ಮನೆಯಿಂದ ಹೊರಡುವಾಗ ಕೂಸಿಗೆಂದು ಹಾಕಿಕೊಂಡಿದ್ದಳು. ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಕ್ಕೆ ಸರಿಸಿದಳು.

"ಮನೆಗೆ ಬಾ," ಎಂದಳು. "ಒಂದು ತಿಂಗಳು ಇದ್ದು ಚೇತರಿಸ್ಕೋ. ನಾನು ನೋಡ್ಕೋತೀನಿ."

"ಇಲ್ಲಿ ಚೆನ್ನಾಗಿ ನೋಡ್ಕೋತಾರೆ. ನೀವು ಟೀ ಕುಡೀರಿ, ಆರಿಹೋಗುತ್ತೆ."

ಟೀ ಕುಡಿದಳು. ಬಟ್ಟಲು ಇಟ್ಟಳು. ಅಡುಗೆಮನೆಯಲ್ಲಿ ಬೀಗಿತ್ತಿ ನಲ್ಲಿ ಬಿಟ್ಟಿದ್ದಳು. ಪಾತ್ರೆ ತೊಳೆಯುವ ಸದ್ದು ಮಾತ್ರ ಇರಲಿಲ್ಲ. ಟೈಲರಮ್ಮ ಎದ್ದು, ಮಗಳ ತಲೆಯ ಕಡೆಗೆ ಕೈ ಚಾಚಿದಳು. ಮಗಳು ತಲೆ ಬಾಗಿಸಿದಳು, ಹಿರಿಯರ ಮುಂದೆ ಬಾಗಿಸುವ ಹಾಗೆ. ಕೂದಲು ಎಣ್ಣೆ ಕಾಣದೆ ಒರಟಾಗಿತ್ತು.

"ನಾಡಿದ್ದು ಬರ್ಲಾ?"

"ಬನ್ನಿ. ನಿಮ್ಮದೇ ಮನೆ."

ಗೋಡೆ ಹಿಡಿದು ಹಿಡಿದು ಮಗಳು ಬಾಗಿಲವರೆಗೂ ಬಂದಳು. "ಬೇಡ ಕಣೇ, ಬಗ್ಗಬೇಡ," ಎಂದು ತಾಯಿ ಹೇಳುವುದರೊಳಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ನಿಧಾನಕ್ಕೆ ಬಗ್ಗಿದಳು. ಹೊಸ್ತಿಲ ಹೊರಗೆ ಮನೆಯ ಕಡೆ ಮುಖ ಮಾಡಿ ಬಿಟ್ಟಿದ್ದ ಚಪ್ಪಲಿಗಳು. ಬಲಗಾಲಿನದರ ಪಟ್ಟಿಗೆ ಟೈಲರಮ್ಮನೇ ದಪ್ಪ ದಾರ ಹಾಕಿ ಹೊಲಿದಿದ್ದಳು. ಮಗಳು ಎರಡನ್ನೂ ಎತ್ತಿ, ಮೇಲಿನ ಧೂಳು ಅಂಗೈಯಲ್ಲಿ ಒರೆಸಿ, ಜೋಡಿಸಿ, ಬೀದಿಯ ಕಡೆಗೆ ತಿರುಗಿಸಿ ಇಟ್ಟಳು.